ಎಲ್ಲಿ ಹುಡುಕಿದೆನೆಂದು ಹೇಳದ ಸಂದೇಶ

ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಯಲು ಕೂತವರು ಯಾರೇ ಆಗಲಿ, ಕೆಲವೇ ದಿನಗಳಲ್ಲಿ ಮಾಡ್ಯೂಲ್‌ನಾಟ್‌ಫೌಂಡ್‌ಎರರ್ ಎಂದು ಶುರುವಾಗುವ ಸಾಲನ್ನು ನೋಡಿಯೇ ನೋಡುತ್ತಾರೆ. ಇಂಥ ಹೆಸರಿನ ಮಾಡ್ಯೂಲ್, ಅಂದರೆ ನಮ್ಮ ಪ್ರೋಗ್ರಾಮ್ ಬಳಸಲು ಕೇಳಿದ ಕೋಡಿನ ಕಡತ, ಇಲ್ಲ ಎಂದಷ್ಟೇ ಅದು ಹೇಳುತ್ತದೆ. ಅದನ್ನು ಕಂಡ ಕೂಡಲೇ ಬಹುತೇಕ ಎಲ್ಲರೂ ಟರ್ಮಿನಲ್ ತೆರೆದು, ಪ್ಯಾಕೇಜುಗಳೆಂಬ ಮಾಡ್ಯೂಲುಗಳ ಕಟ್ಟುಗಳನ್ನು ತಂದುಹಾಕುವ ಪಿಪ್ ಎಂಬ ಉಪಕರಣಕ್ಕೆ ಪಿಪ್ ಇನ್‌ಸ್ಟಾಲ್ ಎಂದು ಬರೆದು, ಆ ಹೆಸರನ್ನೇ ಮುಂದೆ ಅಂಟಿಸಿ ಎಂಟರ್ ಒತ್ತುತ್ತಾರೆ. ಅನೇಕ ಸಲ ಸಮಸ್ಯೆ ಅಲ್ಲಿಗೇ ಮುಗಿಯುತ್ತದೆ. ಮುಗಿಯದೆ ಇದ್ದಾಗ ಮಾತ್ರ ಒಂದು ವಿಚಿತ್ರ ಸ್ಥಿತಿ ಎದುರಾಗುತ್ತದೆ: 'ರಿಕ್ವೈರ್‌ಮೆಂಟ್ ಆಲ್ರೆಡಿ ಸ್ಯಾಟಿಸ್‌ಫೈಡ್', ಅಂದರೆ ನೀವು ಕೇಳಿದ್ದು ಆಗಲೇ ಇಲ್ಲಿದೆ ಎಂದು ಪಿಪ್ ಹೇಳುತ್ತದೆ, ಮರುಕ್ಷಣವೇ ಅದೇ ಪ್ರೋಗ್ರಾಮನ್ನು ಓಡಿಸಿದರೆ ಇಲ್ಲ ಎಂದು ಪೈಥಾನ್ ಹೇಳುತ್ತದೆ. ಒಂದೇ ಯಂತ್ರದ ಮೇಲೆ, ಒಂದೇ ಪರದೆಯ ಮೇಲೆ, ಒಂದು ಇದೆ ಎನ್ನುತ್ತದೆ, ಇನ್ನೊಂದು ಇಲ್ಲ ಎನ್ನುತ್ತದೆ.

ಈ ಎರಡು ಸಾಲುಗಳ ನಡುವೆ ಸಿಕ್ಕಿಕೊಂಡವರನ್ನು ನಾನು ವರ್ಷಗಳಿಂದ ನೋಡುತ್ತಿದ್ದೇನೆ. ಕೆಲವರು ಅದೇ ಆದೇಶವನ್ನು ಮತ್ತೆ ಮತ್ತೆ ಕೊಡುತ್ತಾರೆ. ಕೆಲವರು ಪೈಥಾನನ್ನೇ ತೆಗೆದು ಹೊಸದಾಗಿ ಹಾಕುತ್ತಾರೆ, ಅದರಿಂದ ಯಂತ್ರದಲ್ಲಿ ಇನ್ನೊಂದು ಪೈಥಾನ್ ಸೇರಿಕೊಂಡು ಗೊಂದಲ ಹೆಚ್ಚುತ್ತದೆ. ಪ್ರೋಗ್ರಾಮಿಂಗ್ ತಮಗೆ ಒಲಿಯುವ ವಿದ್ಯೆಯಲ್ಲ ಎಂದು ಅಲ್ಲಿಗೇ ಕೈಬಿಟ್ಟವರೂ ಇದ್ದಾರೆ, ಅವರ ವಿಷಯ ನನ್ನನ್ನು ಬಹಳ ಕಾಡಿದೆ. ತರ್ಕದಲ್ಲಿ, ಗಣಿತದಲ್ಲಿ ಎಲ್ಲಿಯೂ ಎಡವದ ಒಬ್ಬ ವಿದ್ಯಾರ್ಥಿ, ಮಾಡ್ಯೂಲನ್ನು ಕರೆಯುವ ಮೊದಲ ಸಾಲಿನ ಇಂಪೋರ್ಟ್‌ನಲ್ಲೇ ಸೋತು ಹಿಂತಿರುಗಿದರೆ, ಅದು ಆ ವಿದ್ಯಾರ್ಥಿಯ ಕೊರತೆ ಎಂದು ನನಗೆ ಅನ್ನಿಸುವುದಿಲ್ಲ. ಆ ಎರಡೂ ಸಾಲುಗಳು ನಿಜವೇ. ಪಿಪ್ ತಾನು ನೋಡಿದ ಜಾಗದ ಬಗ್ಗೆ ನಿಜ ಹೇಳುತ್ತಿದೆ, ಪೈಥಾನ್ ತಾನು ನೋಡಿದ ಜಾಗದ ಬಗ್ಗೆ ನಿಜ ಹೇಳುತ್ತಿದೆ. ಎಲ್ಲಿ ನೋಡಿದೆ ಎಂಬುದನ್ನು ಪೈಥಾನ್ ಹೇಳದೆ ಬಿಟ್ಟಿರುವುದೇ ಎಲ್ಲ ತೊಂದರೆಯ ಮೂಲ.

ಹುಡುಕುವ ದಾರಿ

ಇಂಪೋರ್ಟ್ ಎಂದು ಬರೆದಾಗ ಪೈಥಾನ್ ಇಡೀ ಡಿಸ್ಕನ್ನು ಜಾಲಾಡುವುದಿಲ್ಲ. ಆ ಹೆಸರಿನದು ಈ ಓಟದಲ್ಲಿ ಆಗಲೇ ಲೋಡ್ ಆಗಿದೆಯೇ ಎಂದು ಸಿಸ್.ಮಾಡ್ಯೂಲ್ಸ್ ಎಂಬ ಪಟ್ಟಿಯಲ್ಲಿ ಮೊದಲು ನೋಡುತ್ತದೆ. ಅಲ್ಲಿ ಸಿಗದಿದ್ದರೆ ತನ್ನೊಳಗೇ ಸೇರಿಸಿ ಕಟ್ಟಿದ ಮಾಡ್ಯೂಲುಗಳನ್ನು ನೋಡಿ, ಆಮೇಲೆ ಸಿಸ್.ಪಾತ್ ಎಂಬ ಇನ್ನೊಂದು ಪಟ್ಟಿಯಲ್ಲಿರುವ ಫೋಲ್ಡರುಗಳನ್ನು ಒಂದೊಂದಾಗಿ, ಬರೆದಿರುವ ಕ್ರಮದಲ್ಲೇ ತೆರೆಯುತ್ತದೆ. ಆ ಪಟ್ಟಿಯಲ್ಲಿ ಸಾಮಾನ್ಯವಾಗಿ ಮೊದಲು ಬರುವುದು ನಾವು ಓಡಿಸುತ್ತಿರುವ ಫೈಲ್ ಇರುವ ಫೋಲ್ಡರ್. ನಂತರ ಪೈಥಾನ್‌ಪಾತ್ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್‌ನಲ್ಲಿ, ಅಂದರೆ ಯಂತ್ರದ ವ್ಯವಸ್ಥೆಯಲ್ಲಿ ಬರೆದಿಡುವ ಸೆಟ್ಟಿಂಗ್‌ನಲ್ಲಿ, ನಾವೇನಾದರೂ ಹೇಳಿದ್ದರೆ ಅದು. ನಂತರ ಪೈಥಾನ್ ಜೊತೆಗೇ ಬರುವ ಸ್ಟ್ಯಾಂಡರ್ಡ್ ಲೈಬ್ರರಿ. ಕೊನೆಗೆ ಪಿಪ್ ತಂದುಹಾಕುವ ಪ್ಯಾಕೇಜುಗಳು ಕೂರುವ ಸೈಟ್‌-ಪ್ಯಾಕೇಜಸ್ ಫೋಲ್ಡರ್. ಮೊದಲು ಸಿಕ್ಕಿದ್ದನ್ನೇ ಅದು ತೆಗೆದುಕೊಳ್ಳುತ್ತದೆ, ಮುಂದಕ್ಕೆ ನೋಡುವುದಿಲ್ಲ. ಕೊನೆಯವರೆಗೂ ಸಿಗದಿದ್ದರೆ ಆ ಸಾಲು ಬರುತ್ತದೆ. ಪಟ್ಟಿಯ ಹೊರಗೆ, ಪಕ್ಕದ ಫೋಲ್ಡರಿನಲ್ಲೇ ಆ ಮಾಡ್ಯೂಲ್ ಇದ್ದರೂ ಪೈಥಾನ್ ಪಾಲಿಗೆ ಅದು ಇಲ್ಲ.

ಈ ಕ್ರಮವನ್ನು ಅರಿತವರಿಗೆ ಅನೇಕ ಒಗಟುಗಳು ತಾವಾಗಿಯೇ ಬಿಡಿಸಿಕೊಳ್ಳುತ್ತವೆ. ಇಮೇಲ್ ಕಳಿಸುವ ಅಭ್ಯಾಸಕ್ಕೆಂದು ಒಬ್ಬರು ಇಮೇಲ್.ಪೈ ಎಂಬ ಫೈಲ್ ಬರೆದರು ಎಂದುಕೊಳ್ಳಿ. ಸ್ಟ್ಯಾಂಡರ್ಡ್ ಲೈಬ್ರರಿಯಲ್ಲೂ ಇಮೇಲ್ ಎಂಬ ಪ್ಯಾಕೇಜ್ ಇದೆ. ಆದರೆ ಓಡುತ್ತಿರುವ ಫೈಲಿನ ಫೋಲ್ಡರ್ ಪಟ್ಟಿಯ ತಲೆಯಲ್ಲಿರುವುದರಿಂದ ಪೈಥಾನಿಗೆ ಮೊದಲು ಸಿಗುವುದು ಇವರದೇ ಫೈಲ್. ಆಗ ಇಮೇಲ್.ಮೈಮ್ ಎಂಬುದು ಇಲ್ಲ ಎಂಬ ಸಂದೇಶದ ಬಾಲದಲ್ಲಿ, ಇಮೇಲ್ ಎಂಬುದು ಪ್ಯಾಕೇಜ್ ಅಲ್ಲ ಎಂಬ ಇನ್ನೊಂದು ತುಣುಕೂ ಬರುತ್ತದೆ. ಆ ಬಾಲವನ್ನು ಓದಿದವರಿಗೆ ಫೈಲಿನ ಹೆಸರು ಬದಲಿಸಿದರೆ ಸಾಕು ಎಂದು ಹೊಳೆಯುತ್ತದೆ. ಓದದವರು ಮತ್ತೆ ಪಿಪ್ ಕಡೆಗೆ ಓಡುತ್ತಾರೆ.

ಸಂದೇಶವನ್ನು ಪೂರ್ತಿ ಓದಬೇಕು ಎನ್ನುವುದಕ್ಕೆ ಇನ್ನೊಂದು ಕಾರಣವಿದೆ. 2016ರ ಡಿಸೆಂಬರಿನಲ್ಲಿ ಬಂದ ಪೈಥಾನ್ 3.6ರವರೆಗೆ ಇಂಥದ್ದಕ್ಕೆಲ್ಲ ಇಂಪೋರ್ಟ್‌ಎರರ್ ಎಂಬ ಒಂದೇ ಹೆಸರಿತ್ತು. ಮಾಡ್ಯೂಲ್ ಸಿಗಲೇ ಇಲ್ಲ ಎನ್ನುವುದು, ಮಾಡ್ಯೂಲ್ ಸಿಕ್ಕಿತು ಆದರೆ ಅದರೊಳಗೆ ನೀವು ಕೇಳಿದ ಫಂಕ್ಷನ್ ಇಲ್ಲ ಎನ್ನುವುದು, ಎಲ್ಲವೂ ಅದರಡಿಯಲ್ಲೇ ಬರುತ್ತಿದ್ದವು. ಮಾಡ್ಯೂಲ್‌ನಾಟ್‌ಫೌಂಡ್‌ಎರರ್ ಎಂಬ ಉಪಜಾತಿ ಹುಟ್ಟಿದ ಮೇಲೆ ಇವು ಬೇರೆಯಾದವು. ಹಾಗಾಗಿ ಇಂದು ಬರೀ ಇಂಪೋರ್ಟ್‌ಎರರ್ ಕಂಡರೆ ಪ್ಯಾಕೇಜನ್ನು ಮರುಸ್ಥಾಪಿಸುವ ಮೊದಲು ಅದರ ಆವೃತ್ತಿಯನ್ನು ನೋಡುವುದು ಒಳ್ಳೆಯದು, ಏಕೆಂದರೆ ಹುಡುಕಾಟ ಆಗಲೇ ಗೆದ್ದಿದೆ.

ಇಷ್ಟೆಲ್ಲ ತಿಳಿದಿರುವ ಪೈಥಾನ್, ಸೋತಾಗ ತಾನು ತೆರೆದು ನೋಡಿದ ಫೋಲ್ಡರುಗಳ ಹೆಸರನ್ನು ಮಾತ್ರ ಹೇಳುವುದಿಲ್ಲ. ಅದಕ್ಕಿಂತ ಹಳೆಯ ಭಾಷೆಯಾದ ಪರ್ಲ್ ಹೇಳುತ್ತದೆ. ಪರ್ಲ್‌ನಲ್ಲಿ ಮಾಡ್ಯೂಲ್ ಸಿಗದಿದ್ದರೆ, ಇಂಥ ಫೈಲ್ ಸಿಗಲಿಲ್ಲ, ನಾನು ನೋಡಿದ್ದು ಇಂತಿಂಥ ಫೋಲ್ಡರುಗಳಲ್ಲಿ ಎಂದು ಇಡೀ ಪಟ್ಟಿಯೇ ಸಂದೇಶದ ಜೊತೆಗೆ ಅಚ್ಚಾಗುತ್ತದೆ. ನೋಡಲು ಅದು ಚೆಂದವಿಲ್ಲ; ಉದ್ದುದ್ದ ದಾರಿಗಳು ಪರದೆಯನ್ನು ತುಂಬಿಕೊಳ್ಳುತ್ತವೆ. ಆದರೂ ಅದನ್ನು ಒಮ್ಮೆ ಓದಿದವರಿಗೆ, ತಮ್ಮ ಮಾಡ್ಯೂಲ್ ಇರುವ ಜಾಗ ಆ ಪಟ್ಟಿಯಲ್ಲಿದೆಯೇ ಇಲ್ಲವೇ ಎಂದು ತಿಳಿಯಲು ಬೇರೆ ಯಾರೂ ಬೇಕಾಗುವುದಿಲ್ಲ. ಪೈಥಾನ್‌ನಲ್ಲೂ ಈ ವಿವರ ಸಿಗುತ್ತದೆ, ಕೇಳಿದರೆ ಮಾತ್ರ. ಪೈಥಾನ್ -ಎಂ ಸೈಟ್ ಎಂದರೆ ಹುಡುಕುವ ಪಟ್ಟಿ ಬರುತ್ತದೆ. -ವಿವಿ ಎಂಬ ಆಯ್ಕೆ ಕೊಟ್ಟು ಓಡಿಸಿದರೆ ಯಾವ ಯಾವ ಫೈಲಿಗಾಗಿ ತಡಕಾಡಿತು ಎನ್ನುವುದೂ ಬರುತ್ತದೆ. ಕೇಳಬೇಕೆಂದು ಗೊತ್ತಿಲ್ಲದವರಿಗೇ ಅದರ ಅಗತ್ಯ ಹೆಚ್ಚು ಎನ್ನುವುದು ನನ್ನ ಕೊರಗು.

ಒಂದರ ಹಿಂದೆ ಒಂದರಂತೆ ಮೂರು ಇಲ್ಲಗಳು

ನನ್ನ ತಂಗಿಯ ಮಗಳು ಇಂಜಿನಿಯರಿಂಗ್ ಓದುವಾಗ ಅಚ್ಚಾದ ಕನ್ನಡ ಪುಟಗಳ ಚಿತ್ರದಿಂದ ಪಠ್ಯವನ್ನು ಹೊರತೆಗೆಯುವ ಒಂದು ಪ್ರಾಜೆಕ್ಟ್ ಎತ್ತಿಕೊಂಡಿದ್ದಳು. ಅದಕ್ಕೆ ಟೆಸೆರಾಕ್ಟ್ ಎಂಬ ಮುಕ್ತ ತಂತ್ರಾಂಶವಿದೆ. ಎಚ್‌ಪಿ ಕಂಪನಿಯ ಪ್ರಯೋಗಾಲಯದಲ್ಲಿ ಹುಟ್ಟಿ, 2005ರಲ್ಲಿ ಎಲ್ಲರಿಗೂ ತೆರೆದುಕೊಂಡ ಅದು ಈಗ ಕನ್ನಡವನ್ನೂ ಓದುತ್ತದೆ. ಪೈಥಾನಿನಿಂದ ಅದನ್ನು ಬಳಸಲು ಪೈಟೆಸೆರಾಕ್ಟ್ ಎಂಬ ಪ್ಯಾಕೇಜ್ ಇದೆ. ಒಂದು ಸಂಜೆ ಅವಳು ಫೋನ್ ಮಾಡಿದಾಗ ಅವಳ ದನಿಯಲ್ಲಿ ದಣಿವಿತ್ತು. "ದೊಡ್ಡಮ್ಮ, ಇನ್‌ಸ್ಟಾಲ್ ಆಗಿದೆ ಅಂತಾನೂ ಇದೇ ಹೇಳ್ತಿದೆ, ಇಲ್ಲ ಅಂತಾನೂ ಇದೇ ಹೇಳ್ತಿದೆ. ಯಾವುದನ್ನ ನಂಬಲಿ?" ಎಂದಳು.

ಅವಳು ಕೋಡ್ ಬರೆಯುತ್ತಿದ್ದುದು, ಕೋಡನ್ನು ಸೆಲ್ ಎಂಬ ತುಂಡುಗಳಾಗಿ ಬರೆದು ಬ್ರೌಸರಿನಲ್ಲೇ ಓಡಿಸುವ ಜುಪಿಟರ್ ನೋಟ್‌ಬುಕ್‌ನಲ್ಲಿ, ಪಿಪ್ ಓಡಿಸುತ್ತಿದ್ದುದು ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್‌ನಲ್ಲಿ. ನೋಟ್‌ಬುಕ್‌ನ ಒಂದು ಸೆಲ್‌ನಲ್ಲಿ ಇಂಪೋರ್ಟ್ ಸಿಸ್ ಎಂದು ಬರೆದು, ಸಿಸ್.ಎಕ್ಸಿಕ್ಯೂಟಬಲ್ ಏನೆಂದು ನೋಡಲು ಹೇಳಿದೆ. ಈಗ ಓಡುತ್ತಿರುವ ಪೈಥಾನ್ ಡಿಸ್ಕಿನ ಯಾವ ಜಾಗದಲ್ಲಿದೆ ಎಂಬುದನ್ನು ಅದು ತಿಳಿಸುತ್ತದೆ. ಅವಳು ಓದಿ ಹೇಳಿದ ವಿಳಾಸದಲ್ಲಿ ಅನಕೊಂಡ ಎಂಬ, ಅನೇಕ ಪ್ಯಾಕೇಜುಗಳ ಸಮೇತ ಬರುವ ಪೈಥಾನ್ ಕಟ್ಟಿನ ಹೆಸರಿತ್ತು. ಬಳಿಕ ಕಮಾಂಡ್ ಪ್ರಾಂಪ್ಟ್‌ನಲ್ಲಿ ಪಿಪ್ -ವಿ (ದೊಡ್ಡಕ್ಷರದ ವಿ) ಎಂದು ಕೇಳಿಸಿದಾಗ ಬೇರೆಯೇ ವಿಳಾಸ ಬಂತು. ಮೊದಲ ಸೆಮಿಸ್ಟರಿನಲ್ಲಿ ಯಾವುದೋ ವಿಷಯಕ್ಕೆಂದು ಹಾಕಿಕೊಂಡ ಪೈಥಾನ್ ಒಂದು, ಆಮೇಲೆ ಅನಕೊಂಡದ ಜೊತೆಗೆ ಬಂದದ್ದು ಇನ್ನೊಂದು. ಪಿಪ್ ಪ್ಯಾಕೇಜುಗಳನ್ನೆಲ್ಲ ಹಳೆಯದರ ಸೈಟ್‌-ಪ್ಯಾಕೇಜಸ್‌ನೊಳಗೆ ನಿಷ್ಠೆಯಿಂದ ತುಂಬುತ್ತಿತ್ತು, ನೋಟ್‌ಬುಕ್ ಹೊಸದರದ್ದರಲ್ಲಿ ಹುಡುಕುತ್ತಿತ್ತು. ನೋಟ್‌ಬುಕ್ಕಿನ ಹಿಂದೆ ನಿಂತು ಕೋಡನ್ನು ಓಡಿಸುವ ಕರ್ನಲ್ ಯಾವ ಪೈಥಾನಿನದು ಎನ್ನುವುದು ಒಂದು ಚಿಕ್ಕ ಜೇಸನ್ ಫೈಲಿನಲ್ಲಿ ಬರೆದಿರುತ್ತದೆ. ಕಮಾಂಡ್ ಪ್ರಾಂಪ್ಟ್‌ನಲ್ಲಿ ಯಾವ ಪಿಪ್ ಓಡುತ್ತದೆ ಎನ್ನುವುದನ್ನು ಪ್ರೋಗ್ರಾಮುಗಳನ್ನು ಎಲ್ಲೆಲ್ಲಿ ಹುಡುಕಬೇಕೆಂದು ವ್ಯವಸ್ಥೆಗೆ ಹೇಳುವ ಪಾತ್ ವೇರಿಯಬಲ್ ನಿರ್ಧರಿಸುತ್ತದೆ. ಈ ಎರಡಕ್ಕೂ ಪರಸ್ಪರ ಸಂಬಂಧವೇ ಇಲ್ಲ. ನೋಟ್‌ಬುಕ್‌ನ ಸೆಲ್‌ನೊಳಗೇ ಪರ್ಸೆಂಟ್ ಚಿಹ್ನೆ ಹಾಕಿ ಪಿಪ್ ಇನ್‌ಸ್ಟಾಲ್ ಎಂದು ಬರೆಯಲು ಹೇಳಿದೆ. ಹಾಗೆ ಬರೆದರೆ ಆ ಕರ್ನಲ್‌ನ ಪೈಥಾನಿಗೇ ಪ್ಯಾಕೇಜ್ ಹೋಗಿ ಸೇರುತ್ತದೆ. ಇಂಪೋರ್ಟ್ ಸಾಲು ದಾಟಿತು.

ಆದರೆ ಮುಂದಿನ ಸಾಲಿನಲ್ಲೇ ಎರಡನೆಯ ದೋಷ ಬಂತು: ಟೆಸೆರಾಕ್ಟ್ ಸ್ಥಾಪನೆಯಾಗಿಲ್ಲ ಅಥವಾ ನಿಮ್ಮ ಪಾತ್‌ನಲ್ಲಿ ಇಲ್ಲ. ಪಿಪ್ ತಂದುಕೊಟ್ಟದ್ದು ಪೈಥಾನಿನಿಂದ ಆ ತಂತ್ರಾಂಶವನ್ನು ಕರೆಯುವ ತೆಳುವಾದ ಹೊದಿಕೆಯನ್ನು ಮಾತ್ರ. ನಿಜವಾಗಿ ಅಕ್ಷರ ಗುರುತಿಸುವ ಟೆಸೆರಾಕ್ಟ್ ಸಿ++ನಲ್ಲಿ ಬರೆದ ಬೇರೆಯದೇ ಪ್ರೋಗ್ರಾಮ್, ಅದನ್ನು ಪ್ರತ್ಯೇಕವಾಗಿ ಹಾಕಿಕೊಳ್ಳಬೇಕು. ಪೈಥಾನ್ ಪ್ಯಾಕೇಜುಗಳ ಲೋಕದಲ್ಲಿ ಇಂಥವು ಬಹಳ ಇವೆ, ಇವುಗಳ ವಿಷಯದಲ್ಲಿ ಪಿಪ್ ಏನೂ ಮಾಡಲಾರದು ಎಂಬುದನ್ನು ಪಠ್ಯಗಳಲ್ಲಿ ಯಾರೂ ಬಿಡಿಸಿ ಹೇಳುವುದಿಲ್ಲ. ಅವಳಿಗೆ ಅಷ್ಟನ್ನು ವಿವರಿಸಿ ಫೋನ್ ಇಟ್ಟೆ.

ಮೂರನೆಯದರ ಬಗ್ಗೆ ಅವಳು ನನ್ನನ್ನು ಕೇಳಲೇ ಇಲ್ಲ. ಮಾರನೆಯ ದಿನ ಎಲ್ಲ ಸರಿಹೋಯಿತು ಎಂಬ ಸಂದೇಶದ ಜೊತೆಗೆ ಪರದೆಯ ಚಿತ್ರಗಳನ್ನು ಕಳಿಸಿದ್ದಳು. ಟೆಸೆರಾಕ್ಟ್ ಹಾಕಿಕೊಂಡ ಮೇಲೆ, ಕನ್ನಡದ ದತ್ತಾಂಶವಿರುವ ಕೆಎಎನ್.ಟ್ರೇನ್ಡ್‌ಡೇಟಾ ಎಂಬ ಫೈಲನ್ನು ತೆರೆಯಲಾಗಲಿಲ್ಲ ಎಂದು ಟೆಸೆರಾಕ್ಟ್ ದೂರಿತ್ತು. ಆ ದೂರಿನಲ್ಲಿ ಫೈಲಿನ ಹೆಸರಿನ ಹಿಂದೆ ಅದನ್ನು ಹುಡುಕಿದ ಫೋಲ್ಡರಿನ ಪೂರ್ತಿ ವಿಳಾಸವಿತ್ತು. ಆ ವಿಳಾಸವನ್ನು ಬದಲಿಸಬೇಕಾದರೆ ಯಾವ ವೇರಿಯಬಲ್ ತಿದ್ದಬೇಕು ಎಂಬ ಸೂಚನೆಯೂ ಇತ್ತು. ಅವಳು ಆ ಫೈಲನ್ನು ಇಳಿಸಿಕೊಂಡು ಆ ಫೋಲ್ಡರಿಗೆ ಹಾಕಿದ್ದಳು, ಅಷ್ಟೇ. ಅದೇ ಹುಡುಗಿ, ಅದೇ ಲ್ಯಾಪ್‌ಟಾಪ್, ಅದೇ ಅನುಭವ. ಮೊದಲನೆಯ ಇಲ್ಲಕ್ಕೆ ಅರ್ಧ ದಿನ ಕಳೆದು ಸೋತವಳು ಮೂರನೆಯದನ್ನು ತಾನೇ ಬಗೆಹರಿಸಿಕೊಂಡದ್ದಕ್ಕೆ, ಎಲ್ಲಿ ಹುಡುಕಿದೆ ಎಂದು ಅದು ಹೇಳಿದ್ದೇ ಕಾರಣ ಎಂದು ನಾನು ದೃಢವಾಗಿ ನಂಬುತ್ತೇನೆ.

ಇಂಪೋರ್ಟ್ ಮಾಡುವ ಹೆಸರು, ಇನ್‌ಸ್ಟಾಲ್ ಮಾಡುವ ಹೆಸರು

ದೋಷದಲ್ಲಿ ಕಂಡ ಹೆಸರನ್ನೇ ಪಿಪ್‌ಗೆ ಕೊಡುವ ಅಭ್ಯಾಸದಲ್ಲಿ ಇನ್ನೊಂದು ತೊಡಕಿದೆ, ಅದು ಬರೀ ಸಮಯ ಹಾಳಾಗುವುದಕ್ಕಿಂತ ದೊಡ್ಡದು. ಕೋಡಿನಲ್ಲಿ ಸಿವಿ2 ಎಂದು ಇಂಪೋರ್ಟ್ ಮಾಡುವುದನ್ನು ಓಪನ್‌ಸಿವಿ-ಪೈಥಾನ್ ಎಂಬ ಹೆಸರಿನಲ್ಲಿ ತರಿಸಿಕೊಳ್ಳಬೇಕು. ಎಸ್‌ಕೆಲರ್ನ್ ಬೇಕಿದ್ದರೆ ಸೈಕಿಟ್-ಲರ್ನ್, ಯಾಮಲ್ ಬೇಕಿದ್ದರೆ ಪೈಯಾಮಲ್, ಬಿಎಸ್4 ಬೇಕಿದ್ದರೆ ಬ್ಯೂಟಿಫುಲ್‌ಸೂಪ್4. ಚಿತ್ರಗಳನ್ನು ತೆರೆಯಲು ಪಿಐಎಲ್ ಎಂದು ಬರೆಯುತ್ತೇವೆ, ತರಿಸಿಕೊಳ್ಳುವುದು ಪಿಲ್ಲೋ ಎಂಬುದನ್ನು. ಪಿಐಎಲ್ ಎಂಬ ಮೂಲ ಲೈಬ್ರರಿಯ ಬೆಳವಣಿಗೆ ನಿಂತುಹೋಗುತ್ತಿದ್ದಾಗ 2010ರಲ್ಲಿ ಅದರ ಕವಲಾಗಿ ಪಿಲ್ಲೋ ಹುಟ್ಟಿತು. ಆಗಲೇ ಬರೆದಿದ್ದ ಅಷ್ಟೊಂದು ಪ್ರೋಗ್ರಾಮುಗಳು ಮುರಿಯಬಾರದೆಂದು ಹೊಸಬರು ಒಳಗಿನ ಹೆಸರನ್ನು ಹಾಗೆಯೇ ಉಳಿಸಿಕೊಂಡರು. ಹಳಬರಿಗೆ ಅದು ಮಾಡಿದ ದೊಡ್ಡ ಉಪಕಾರ. ಹೊಸದಾಗಿ ಬಂದವರಿಗೆ ಮಾತ್ರ ಎರಡು ಹೆಸರುಗಳ ನಡುವಿನ ನಂಟು ಎಲ್ಲಿಯೂ ಕಾಣುವುದಿಲ್ಲ.

ಪಿಪ್ ಪ್ಯಾಕೇಜುಗಳನ್ನು ತರುವ ಪೈಪಿಐ ಭಂಡಾರದಲ್ಲಿ ಯಾರು ಬೇಕಾದರೂ, ಖಾಲಿ ಇರುವ ಬಹುತೇಕ ಯಾವ ಹೆಸರಿನಲ್ಲಾದರೂ ಪ್ಯಾಕೇಜ್ ಹಾಕಬಹುದು. ಇದನ್ನು ದುರುಪಯೋಗ ಮಾಡಿಕೊಳ್ಳುವವರಿದ್ದಾರೆ. ದಿನಾಂಕಗಳನ್ನು ಓದಲು ಬಳಸುವ ಡೇಟ್‌ಯುಟಿಲ್ ಎಂಬ ಮಾಡ್ಯೂಲಿನ ಅಸಲಿ ಪ್ಯಾಕೇಜ್ ಪೈಥಾನ್-ಡೇಟ್‌ಯುಟಿಲ್. 2019ರಲ್ಲಿ ಯಾರೋ ಪೈಥಾನ್3-ಡೇಟ್‌ಯುಟಿಲ್ ಎಂಬ ಹೆಸರಿನಲ್ಲಿ ಅದರದೇ ನಕಲನ್ನು ಏರಿಸಿದ್ದರು. ಅದು ಜೆಲ್ಲಿಫಿಶ್ ಎಂಬ ಇನ್ನೊಂದು ಪ್ಯಾಕೇಜಿನ ನಕಲಿಯನ್ನು ಎಳೆದು ತರುತ್ತಿತ್ತು. ಆ ನಕಲಿಯ ಹೆಸರಿನಲ್ಲಿ ಒಂದು ಸಣ್ಣ ಎಲ್ ಅಕ್ಷರದ ಜಾಗದಲ್ಲಿ ದೊಡ್ಡ ಐ ಅಕ್ಷರವಿದ್ದದ್ದರಿಂದ ಕಣ್ಣಿಗೆ ವ್ಯತ್ಯಾಸ ಕಾಣುತ್ತಿರಲಿಲ್ಲ. ಬಳಸಿದವರ ಯಂತ್ರದಿಂದ ಎಸ್‌ಎಸ್‌ಎಚ್ ಮತ್ತು ಜಿಪಿಜಿ ಕೀಲಿಗಳನ್ನು (ಸರ್ವರಿಗೆ ಪ್ರವೇಶಿಸಲು, ಸಂದೇಶಗಳಿಗೆ ಸಹಿ ಹಾಕಲು ಬಳಸುವ ಗುಪ್ತ ಫೈಲುಗಳನ್ನು) ಕದಿಯುವ ಕೋಡ್ ಅದರೊಳಗಿತ್ತು. ಆ ವರ್ಷದ ಡಿಸೆಂಬರಿನಲ್ಲಿ ಪತ್ತೆಯಾಗಿ ಎರಡನ್ನೂ ತೆಗೆದುಹಾಕಲಾಯಿತು. ಹಾಗಾಗಿ ಊಹೆಯ ಮೇಲೆ ಹೆಸರು ಕೊಟ್ಟು ನೋಡೋಣ ಎನ್ನುವ ವಿದ್ಯಾರ್ಥಿಗಳನ್ನು ನಾನು ತಡೆಯುತ್ತೇನೆ. ಆ ಲೈಬ್ರರಿಯ ಸ್ವಂತ ದಾಖಲೆಯ ಮೊದಲ ಪುಟದಲ್ಲಿ ಯಾವ ಹೆಸರಿದೆಯೋ ಅದನ್ನೇ ಬಳಸಿ ಎನ್ನುತ್ತೇನೆ. ಈಗೀಗ ಉತ್ತರಗಳನ್ನು ಭಾಷಾ ಮಾದರಿಗಳಿಂದ ಪಡೆಯುವ ರೂಢಿ ಬೆಳೆದಿದೆ. ಅವು ಎಂದೂ ಇಲ್ಲದ ಪ್ಯಾಕೇಜಿನ ಹೆಸರನ್ನು ಬಹಳ ಸಹಜವಾಗಿ ಬರೆದುಕೊಡಬಲ್ಲವಾದ್ದರಿಂದ ಈ ಎಚ್ಚರ ಈಗ ಮೊದಲಿಗಿಂತ ಹೆಚ್ಚು ಬೇಕು.

ನಿನ್ನೆಯವರೆಗೂ ಇದ್ದದ್ದು

ಯಾರೂ ಏನೂ ಬದಲಿಸದೆ ಹಳೆಯ ಪ್ರೋಗ್ರಾಮಿನಲ್ಲಿ ಈ ದೋಷ ಬಂದರೆ ಅದಕ್ಕೆ ಬೇರೆಯೇ ಬಗೆಯ ತಾಳ್ಮೆ ಬೇಕು. ನಾನು ಕೆಲಸ ಮಾಡುತ್ತಿದ್ದ ಕಡೆ ಪ್ರತಿ ರಾತ್ರಿ ವರದಿಗಳನ್ನು ಸಿದ್ಧಪಡಿಸುವ ಒಂದು ಸ್ಕ್ರಿಪ್ಟ್ ಇತ್ತು. ಸರ್ವರಿನ ಲಿನಕ್ಸ್ ವ್ಯವಸ್ಥೆಯನ್ನು ಉಬುಂಟು 22.04ರಿಂದ 24.04ಕ್ಕೆ ಏರಿಸಿದ ಮಾರನೆಯ ಬೆಳಿಗ್ಗೆ ವರದಿಗಳಿರಲಿಲ್ಲ. ಲಾಗ್‌ನಲ್ಲಿ ರಿಕ್ವೆಸ್ಟ್ಸ್ ಎಂಬ ಮಾಡ್ಯೂಲ್ ಇಲ್ಲ ಎಂದಿತ್ತು. ಆ ಸ್ಕ್ರಿಪ್ಟಿಗೆಂದೇ ಪ್ಯಾಕೇಜುಗಳನ್ನು ಬೇರೆಯಾಗಿ ಇಟ್ಟುಕೊಳ್ಳುವ ಫೋಲ್ಡರ್, ಅಂದರೆ ಒಂದು ವರ್ಚುವಲ್ ಎನ್ವಿರಾನ್‌ಮೆಂಟ್ ಇತ್ತು, ಅದೇ ಓಡುತ್ತಲೂ ಇತ್ತು. ಹೊಸದಾಗಿ ಸೇರಿದ್ದ ಸಹೋದ್ಯೋಗಿ ಆ ಫೋಲ್ಡರನ್ನು ತೆರೆದಿಟ್ಟು, "ಮೇಡಂ, ನೋಡಿ, ರಿಕ್ವೆಸ್ಟ್ಸ್ ಇಲ್ಲೇ ಇದೆ, ಕಣ್ಣಿಗೆ ಕಾಣ್ತಿದೆ" ಎಂದರು. ಸಿಸ್.ಎಕ್ಸಿಕ್ಯೂಟಬಲ್ ಕೂಡ ಸರಿಯಾದ ವಿಳಾಸವನ್ನೇ ಹೇಳುತ್ತಿತ್ತು. ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ಊರೆಲ್ಲ ಹುಡುಕಿದರು ಎಂಬ ಗಾದೆ ಇಂಥದ್ದಕ್ಕೇ ಹುಟ್ಟಿರಬೇಕು.

ಸಿಸ್.ಪಾತ್ ಅಚ್ಚು ಮಾಡಿಸಿದಾಗ ವಿಷಯ ಬಿಚ್ಚಿಕೊಂಡಿತು. ವರ್ಚುವಲ್ ಎನ್ವಿರಾನ್‌ಮೆಂಟಿನೊಳಗಿನ ಪೈಥಾನ್ ಎನ್ನುವುದು ಸಾಮಾನ್ಯವಾಗಿ ಲಿನಕ್ಸ್‌ನಲ್ಲಿ ವ್ಯವಸ್ಥೆಯ ಪೈಥಾನಿಗೆ ತೋರುವ ಒಂದು ಕೊಂಡಿ ಮಾತ್ರ. ಉಬುಂಟು 22.04ರಲ್ಲಿ ಆ ಕೊಂಡಿಯ ತುದಿಯಲ್ಲಿ ಪೈಥಾನ್ 3.10 ಇತ್ತು, 24.04ರಲ್ಲಿ 3.12 ಬಂದು ಕೂತಿತು. ಪ್ಯಾಕೇಜುಗಳೆಲ್ಲ ಇದ್ದದ್ದು ಪೈಥಾನ್3.10 ಎಂಬ ಫೋಲ್ಡರಿನಡಿಯ ಸೈಟ್‌-ಪ್ಯಾಕೇಜಸ್‌ನಲ್ಲಿ. ಹೊಸ ಪೈಥಾನ್ ನೋಡುತ್ತಿದ್ದುದು ಅಸ್ತಿತ್ವದಲ್ಲೇ ಇಲ್ಲದ ಪೈಥಾನ್3.12 ಎಂಬ ಫೋಲ್ಡರಿನಲ್ಲಿ. ಸಿ ಭಾಷೆಯಲ್ಲಿ ಬರೆದ ಭಾಗಗಳಿರುವ ಪ್ಯಾಕೇಜುಗಳು ಸಾಮಾನ್ಯವಾಗಿ ಒಂದೊಂದು ಆವೃತ್ತಿಗೆ ಬೇರೆಯಾಗಿ ತಯಾರಾಗುವುದರಿಂದ ಹಳೆಯ ಫೋಲ್ಡರನ್ನು ಹೆಸರು ಬದಲಿಸಿ ಕೂರಿಸುವುದು ಸರಿಯಲ್ಲ. ರಿಕ್ವೈರ್‌ಮೆಂಟ್ಸ್ ಫೈಲ್ (ಬೇಕಾದ ಪ್ಯಾಕೇಜುಗಳ ಪಟ್ಟಿ) ಇಟ್ಟುಕೊಂಡಿದ್ದರಿಂದ ಎನ್ವಿರಾನ್‌ಮೆಂಟನ್ನು ಅಳಿಸಿ ಮತ್ತೆ ಕಟ್ಟಿದೆವು.

ಕಟ್ಟಿದ ಮೇಲೆ ಡಿಸ್ಟ್‌ಯುಟಿಲ್ಸ್ ಇಲ್ಲ ಎಂಬ ಹೊಸ ಸಾಲು ಬಂತು. ಈ ಸಲ ಅದು ನಿಜವಾಗಿಯೂ ಇರಲಿಲ್ಲ. ಪ್ಯಾಕೇಜುಗಳನ್ನು ಕಟ್ಟುವ ಸಾಧನವಾಗಿ ದಶಕಗಳ ಕಾಲ ಪೈಥಾನಿನ ಜೊತೆಗೇ ಬರುತ್ತಿದ್ದ ಡಿಸ್ಟ್‌ಯುಟಿಲ್ಸ್ ಅನ್ನು 2023ರ ಅಕ್ಟೋಬರಿನಲ್ಲಿ ಬಂದ 3.12ರಲ್ಲಿ ತೆಗೆದುಹಾಕಲಾಯಿತು, ತೆಗೆಯುತ್ತೇವೆ ಎಂಬ ಎಚ್ಚರಿಕೆ 3.10ರಿಂದಲೇ ಇತ್ತು. ನಮ್ಮ ಕೋಡಿನಲ್ಲಿ ಎಲ್ಲಿ ಹುಡುಕಿದರೂ ಆ ಹೆಸರಿಲ್ಲ ಎಂದು ಸಹೋದ್ಯೋಗಿ ಕಂಗಾಲಾಗಿದ್ದರು. ದೋಷದ ಜೊತೆ ಅಚ್ಚಾಗುವ ಟ್ರೇಸ್‌ಬ್ಯಾಕ್ ಎಂಬ ಕರೆಗಳ ಸರಣಿಯ ಕೊನೆಯ ಸಾಲಿನಿಂದ ಮೇಲಕ್ಕೆ ಒಂದೊಂದೇ ಹೆಜ್ಜೆ ಹತ್ತುತ್ತ ಓದೋಣ ಎಂದೆ. ಎರಡು ಹೆಜ್ಜೆ ಮೇಲೆ, ಕೇಳಿದ್ದು ಯಾರೆಂದು ತಿಳಿಯಿತು: ನಾವು ಹಳೆಯ ಆವೃತ್ತಿಗೇ ಕಟ್ಟಿಹಾಕಿದ್ದ ಒಂದು ಪ್ಯಾಕೇಜ್. ಸೆಟಪ್‌ಟೂಲ್ಸ್ ಎಂಬ ಪ್ಯಾಕೇಜ್ ಹಾಕಿಕೊಂಡರೆ ಅದು ತನ್ನೊಳಗಿನ ಡಿಸ್ಟ್‌ಯುಟಿಲ್ಸ್ ನಕಲನ್ನು ಕೊಡುತ್ತದೆ, ತಾತ್ಕಾಲಿಕವಾಗಿ ಕೆಲಸ ಸಾಗುತ್ತದೆ. ನಾವು ಆ ಪ್ಯಾಕೇಜಿನ ಹೊಸ ಆವೃತ್ತಿಗೇ ಹೋದೆವು. ಟ್ರೇಸ್‌ಬ್ಯಾಕ್‌ನಲ್ಲಿ ಕೊನೆಯ ಸಾಲು ಏನು ಇಲ್ಲ ಎಂದು ಹೇಳುತ್ತದೆ, ಅದರ ಮೇಲಿನವು ಅದನ್ನು ಬೇಡಿದವರು ಯಾರು ಎಂದು ಹೇಳುತ್ತವೆ. ಜನ ಪರದೆಯ ಚಿತ್ರ ಕಳಿಸುವಾಗ ಕೊನೆಯ ಸಾಲನ್ನಷ್ಟೇ ಕತ್ತರಿಸಿ ಕಳಿಸುತ್ತಾರೆ, ಉತ್ತರ ಕತ್ತರಿಸಿದ ಭಾಗದಲ್ಲಿ ಉಳಿದುಹೋಗುತ್ತದೆ.

ವ್ಯವಸ್ಥೆಯ ಪೈಥಾನಿಗೆ ಕೈಹಾಕುವ ವಿಷಯ

ಡೆಬಿಯನ್ ಎಂಬ ಲಿನಕ್ಸ್ ವ್ಯವಸ್ಥೆಯ 12ನೆಯ ಆವೃತ್ತಿ ಬಂದಾಗಿನಿಂದ, ಅಂದರೆ 2023ರ ಮಧ್ಯದಿಂದ, ವ್ಯವಸ್ಥೆಯ ಪೈಥಾನಿಗೆ ನೇರವಾಗಿ ಪಿಪ್ ಇನ್‌ಸ್ಟಾಲ್ ಮಾಡಹೊರಟರೆ, ಈ ಪರಿಸರವನ್ನು ಹೊರಗಿನವರು ನಿರ್ವಹಿಸುತ್ತಿದ್ದಾರೆ ಎಂದು ಪಿಪ್ ತಡೆಯುತ್ತದೆ. ಉಬುಂಟುವಿನಲ್ಲೂ ಹಾಗೆಯೇ. ಬಹಳ ಜನ ಇದನ್ನು ಕಿರಿಕಿರಿ ಎಂದು ಭಾವಿಸಿ, ಬ್ರೇಕ್-ಸಿಸ್ಟಮ್-ಪ್ಯಾಕೇಜಸ್ ಎಂಬ ಆಯ್ಕೆ ಕೊಟ್ಟು ದಾಟಿಕೊಳ್ಳುತ್ತಾರೆ. ಆ ಆಯ್ಕೆಯ ಹೆಸರನ್ನು ಅಷ್ಟು ಕಠಿಣವಾಗಿ ಇಟ್ಟವರ ಪರವಾಗಿ ನಾನಿದ್ದೇನೆ. ಲಿನಕ್ಸ್ ವ್ಯವಸ್ಥೆಯ ಎಷ್ಟೋ ಉಪಕರಣಗಳು ಅದೇ ಪೈಥಾನಿನ ಮೇಲೆ ನಿಂತಿವೆ. ಅದರೊಳಗಿನ ಒಂದು ಲೈಬ್ರರಿಯ ಆವೃತ್ತಿ ಬದಲಾದರೆ ನಮ್ಮ ಪ್ರೋಗ್ರಾಮ್ ಸರಿಹೋಗಿ, ವ್ಯವಸ್ಥೆಯ ಯಾವುದೋ ಉಪಕರಣದಲ್ಲಿ ಇದೇ ದೋಷ ಇನ್ನೊಂದು ದಿನ ತಲೆಯೆತ್ತಬಹುದು. ಪ್ರತಿ ಪ್ರಾಜೆಕ್ಟಿಗೂ ಒಂದು ವರ್ಚುವಲ್ ಎನ್ವಿರಾನ್‌ಮೆಂಟ್ ಮಾಡಿಕೊಂಡು, ಬರೀ ಪಿಪ್ ಎನ್ನುವ ಬದಲು ಪೈಥಾನ್ -ಎಂ ಪಿಪ್ ಇನ್‌ಸ್ಟಾಲ್ ಎಂದು ಬರೆಯುವುದನ್ನು ಕಾಲೇಜುಗಳು ಮೊದಲ ಪ್ರಯೋಗ ತರಗತಿಯಲ್ಲೇ ಕಲಿಸಬೇಕು. ಹಾಗೆ ಬರೆದರೆ ಪ್ಯಾಕೇಜ್ ಯಾವ ಪೈಥಾನಿಗೆ ಹೋಗುತ್ತದೆ ಎನ್ನುವುದು ಆದೇಶದಲ್ಲೇ ಇರುತ್ತದೆ. ಎಡಿಟರ್ ಬಳಸುವವರು ಅದರಲ್ಲಿ ಯಾವ ಇಂಟರ್‌ಪ್ರಿಟರ್ (ಅಂದರೆ ಯಾವ ಪೈಥಾನ್) ಆಯ್ಕೆಯಾಗಿದೆ ಎಂದೂ ನೋಡಿಕೊಳ್ಳಬೇಕು, ವಿಎಸ್ ಕೋಡ್‌ನಲ್ಲಿ ಅದು ಕೆಳಗಿನ ಪಟ್ಟಿಯಲ್ಲೇ ಕಾಣುತ್ತದೆ.

ಪೈಥಾನಿನ ಸಂದೇಶಗಳು ಸುಧಾರಿಸುತ್ತಿಲ್ಲ ಎನ್ನಲಾರೆ. 2024ರ ಅಕ್ಟೋಬರಿನಲ್ಲಿ ಬಂದ 3.13ರಲ್ಲಿ, ನಮ್ಮ ಫೈಲಿಗೆ ರ್‍ಯಾಂಡಮ್.ಪೈ ಎಂದು ಹೆಸರಿಟ್ಟು, ಒಳಗೆ ಸ್ಟ್ಯಾಂಡರ್ಡ್ ಲೈಬ್ರರಿಯ ರ್‍ಯಾಂಡಮ್ ಬಳಸಹೊರಟು ಎಡವಿದರೆ, ಈ ಫೈಲಿನ ಹೆಸರು ಸ್ಟ್ಯಾಂಡರ್ಡ್ ಲೈಬ್ರರಿಯ ಹೆಸರಿಗೆ ಅಡ್ಡ ಬಂದಿದೆ, ಬದಲಿಸಿ ನೋಡಿ ಎಂದು ಫೈಲಿನ ಪೂರ್ತಿ ವಿಳಾಸದ ಸಮೇತ ಅದು ಹೇಳುತ್ತದೆ. ಮಾಡ್ಯೂಲ್ ಸಿಗದಿದ್ದಾಗಲೂ ಯಾವ ಪೈಥಾನ್, ಯಾವ ಫೋಲ್ಡರುಗಳು ಎಂಬ ಎರಡು ಸಾಲು ಸೇರುವ ದಿನವನ್ನು ನಾನು ಎದುರು ನೋಡುತ್ತಿದ್ದೇನೆ. ಅಲ್ಲಿಯವರೆಗೆ ನಮ್ಮ ತಂಡದ ರಾತ್ರಿ ಸ್ಕ್ರಿಪ್ಟುಗಳೆಲ್ಲ ಬೇರೆ ಯಾವ ಇಂಪೋರ್ಟ್‌ಗೂ ಮೊದಲು ಸಿಸ್.ಎಕ್ಸಿಕ್ಯೂಟಬಲ್, ಸಿಸ್.ವರ್ಶನ್ ಮತ್ತು ಸಿಸ್.ಪಾತ್ ಮೂರನ್ನೂ ಲಾಗ್‌ಗೆ ಬರೆದೇ ಮುಂದೆ ಸಾಗುತ್ತವೆ. ಸಿಸ್ ಪೈಥಾನಿನೊಳಗೇ ಕಟ್ಟಿಕೊಂಡಿರುವ ಮಾಡ್ಯೂಲ್ ಆದ್ದರಿಂದ ಅದರ ಇಂಪೋರ್ಟ್ ಎಂದೂ ಸೋಲುವುದಿಲ್ಲ. ಸ್ಕ್ರಿಪ್ಟುಗಳನ್ನು ನಿಗದಿತ ಹೊತ್ತಿಗೆ ಶುರುಮಾಡುವ ಕ್ರಾನ್ ಅವನ್ನು ಓಡಿಸುವಾಗ ಪಾತ್ ವೇರಿಯಬಲ್ ನಮ್ಮ ಟರ್ಮಿನಲ್‌ನಲ್ಲಿರುವಂತೆ ಇರುವುದಿಲ್ಲ. ಹಗಲು ಕೈಯಿಂದ ಓಡಿಸಿದರೆ ಸರಿಯಾಗಿರುವುದು ರಾತ್ರಿ ಸೋಲುವುದಕ್ಕೆ ಅನೇಕ ಸಲ ಅದೇ ಕಾರಣ. ಹಗಲಿನ ಲಾಗ್ ಮತ್ತು ರಾತ್ರಿಯ ಲಾಗ್ ಎರಡನ್ನೂ ಅಕ್ಕಪಕ್ಕ ಇಟ್ಟರೆ ಮೊದಲ ಸಾಲಿನಲ್ಲೇ ವ್ಯತ್ಯಾಸ ಕಾಣುತ್ತದೆ.